ಮಗು ಬೆಳೆಯದಿದ್ದರೆ ತಾಯಿಯನ್ನು ಬೈದು ಪ್ರಯೋಜನವಿಲ್ಲ

ಅಪೌಷ್ಟಿಕತೆ ಅಂದ ತಕ್ಷಣ ನಮಗೆ ನೆನಪಾಗುವುದು ಎಲುಬು ಎದ್ದು ಕಾಣುವ, ಕಣ್ಣು ಗುಳಿಬಿದ್ದ ಮಗುವಿನ ಫೋಟೋ. ಬರ ಅಥವಾ ಯುದ್ಧದ ಸುದ್ದಿ ಜೊತೆಗೆ ಬರುವ ಫೋಟೋ ಅದು. ಅದು ನಿಜವೇ. ಆದರೆ ಅಪೌಷ್ಟಿಕತೆ ಇರುವ ಬಹುಪಾಲು ಮಕ್ಕಳು ಹಾಗೆ ಕಾಣುವುದೇ ಇಲ್ಲ. ಆಡುತ್ತಾ, ನಗುತ್ತಾ ಇರುತ್ತವೆ. ಮೂರು ವರ್ಷದ ಮಗುವನ್ನು ನೋಡಿ ಎರಡು ವರ್ಷದ್ದು ಅಂದುಕೊಳ್ಳುತ್ತೇವೆ, ಅಷ್ಟೇ. ಸುತ್ತಮುತ್ತಲಿನ ಮಕ್ಕಳೆಲ್ಲ ಅದೇ ಅಳತೆಯಲ್ಲಿದ್ದರೆ ಅದೂ ಗೊತ್ತಾಗುವುದಿಲ್ಲ.

ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಒಟ್ಟಾಗಿ 2025ರಲ್ಲಿ ಕೊಟ್ಟ ಅಂದಾಜು ನೋಡಿ. 2024ರಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಅಂದರೆ ಜಗತ್ತಿನ ಆ ವಯಸ್ಸಿನ ಮಕ್ಕಳಲ್ಲಿ ಶೇ 23. ಇದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಎತ್ತರಕ್ಕೆ ತಕ್ಕ ತೂಕ ಇಲ್ಲದ, ಅಂದರೆ ತೀರಾ ಸೊರಗಿದ ಮಕ್ಕಳು 4.28 ಕೋಟಿ. ಇವರಲ್ಲಿ ಹೆಚ್ಚಿನವರು ಇರುವುದು ಏಷ್ಯಾ ಮತ್ತು ಆಫ್ರಿಕಾದಲ್ಲಿ. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಸಾವುಗಳ ಹಿಂದೆ ಪೋಷಣೆಯ ಕೊರತೆ ಇದೆ. ಹೆಚ್ಚಿನ ಸಲ ಸಾವಿಗೆ ಕಾರಣ ಅಂತ ದಾಖಲೆಯಲ್ಲಿ ಬರುವುದು ನ್ಯುಮೋನಿಯಾ, ಭೇದಿ ಅಥವಾ ದಡಾರ. ಚೆನ್ನಾಗಿ ತಿಂದುಂಡು ಬೆಳೆದ ಮಗು ಅದೇ ಕಾಯಿಲೆಯಿಂದ ಎದ್ದು ಬರುತ್ತದೆ.

'ಅವರ ವಂಶವೇ ಕುಳ್ಳು' ಅನ್ನುವ ಮಾತನ್ನು ಇಲ್ಲೇ ಬದಿಗಿಡೋಣ. 1997ರಿಂದ 2003ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಮಕ್ಕಳನ್ನು ಅಳೆಯಿತು. ಎದೆಹಾಲು ಕುಡಿದ, ತಾಯಿ ಧೂಮಪಾನ ಮಾಡದ, ಬೆಳವಣಿಗೆಗೆ ಅಡ್ಡಿಯಾಗುವಂಥ ಕಷ್ಟವಿಲ್ಲದ ಮನೆಗಳ ಮಕ್ಕಳನ್ನೇ ಆರಿಸಿಕೊಂಡಿತ್ತು. ಮೊದಲ ಐದು ವರ್ಷ ಈ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಅದರ ಆಧಾರದ ಮೇಲೆಯೇ 2006ರ ಬೆಳವಣಿಗೆಯ ಪಟ್ಟಿ ಬಂತು. ಇವತ್ತು ಜಗತ್ತಿನ ಬಹುತೇಕ ಕಡೆ ಬಳಸುವುದು ಅದನ್ನೇ. ಒಂದಿಡೀ ಊರಿನ ಮಕ್ಕಳು ಗಿಡ್ಡಗಿದ್ದಾರೆ ಅಂದರೆ ಏನೋ ತಡೆಯುತ್ತಿದೆ ಅಂತಲೇ ಅರ್ಥ.

ಏನು ತಡೆಯುತ್ತಿದೆ? ಸಾಮಾನ್ಯವಾಗಿ ಎರಡೇ ಉತ್ತರ ಕೇಳಿಬರುತ್ತವೆ. ಒಂದು, ತಿನ್ನಲು ಇಲ್ಲ. ಇನ್ನೊಂದು, ತಾಯಂದಿರಿಗೆ ತಿಳುವಳಿಕೆ ಇಲ್ಲ. ಮೊದಲನೆಯದು ಅರ್ಧ ಸತ್ಯ. ಮಧ್ಯ ಅಮೆರಿಕದ ಗ್ವಾಟೆಮಾಲಾ ಕಡುಬಡ ದೇಶವೇನಲ್ಲ. ಆದರೂ 2014–15ರ ಸಮೀಕ್ಷೆಯಲ್ಲಿ ಅಲ್ಲಿನ ಸುಮಾರು ಅರ್ಧದಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಮೂಲನಿವಾಸಿ ಸಮುದಾಯಗಳಲ್ಲಿ ಇನ್ನೂ ಜಾಸ್ತಿ. ದೇಶದಲ್ಲಿ ಆಹಾರ ಇರುವುದು ಬೇರೆ, ಆ ಒಂದು ಮಗುವಿನ ಹೊಟ್ಟೆಗೆ ಸರಿಯಾದದ್ದು ಸರಿಯಾದ ಹೊತ್ತಿಗೆ ಹೋಗುವುದು ಬೇರೆ. ಇನ್ನು ಎರಡನೇ ಉತ್ತರ ನನಗೆ ಸಿಟ್ಟು ತರಿಸುತ್ತದೆ. ಅದು ಪೂರ್ತಿ ಸುಳ್ಳು ಅಂತಲ್ಲ. ಆದರೆ ಅದನ್ನು ಹೇಳಿಬಿಟ್ಟರೆ ಸರ್ಕಾರದ್ದು, ಸಮಾಜದ್ದು, ಗಂಡಸರದ್ದು ಎಲ್ಲರ ಹೊಣೆಯೂ ಮುಗಿದುಹೋಗುತ್ತದೆ.

ಮೊದಲಿಂದ ನೋಡೋಣ. ಮಗುವಿನ ಅಪೌಷ್ಟಿಕತೆ ಶುರುವಾಗುವುದು ಮಗು ಊಟ ಮಾಡಲು ಆರಂಭಿಸಿದ ಮೇಲಲ್ಲ. ಅದು ಬಸಿರಿನಲ್ಲೇ, ಕೆಲವೊಮ್ಮೆ ಅದಕ್ಕೂ ಮುಂಚೆ ಶುರುವಾಗಿರುತ್ತದೆ. 2020ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ ಏಳು ಮಕ್ಕಳಲ್ಲಿ ಸುಮಾರು ಒಂದು ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದು. ದಕ್ಷಿಣ ಏಷ್ಯಾದಲ್ಲಿ ಇದು ನಾಲ್ಕರಲ್ಲಿ ಒಂದು. ತಾಯಿಗೆ ರಕ್ತಹೀನತೆ ಇದೆ, ಅವಳೇ ಚಿಕ್ಕವಳಿದ್ದಾಗ ಸರಿಯಾಗಿ ಬೆಳೆದಿಲ್ಲ, ಹದಿನಾರು ಹದಿನೇಳಕ್ಕೆ ಮದುವೆಯಾಗಿ ಬಸಿರಾಗಿದ್ದಾಳೆ, ತುಂಬು ಬಸುರಿಯಾದರೂ ಭಾರ ಹೊರುವುದು ತಪ್ಪಿಲ್ಲ. ಇನ್ನೂ ಬೆಳೆಯುತ್ತಿರುವ ಹುಡುಗಿಯ ಮೈಗೂ, ಹೊಟ್ಟೆಯಲ್ಲಿರುವ ಕೂಸಿಗೂ ಒಂದೇ ಊಟದಲ್ಲಿ ಪಾಲು. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವ ಅಧಿಕಾರ ಎಷ್ಟು ಹೆಂಗಸರ ಕೈಯಲ್ಲಿದೆ? ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಇರುವ ಮನೆಯಲ್ಲಿ 'ಬಸುರಿಗೆ ಒಳ್ಳೆ ಊಟ ಬೇಕು' ಅನ್ನುವ ಪಾಠವನ್ನು ಬಸುರಿಗೇ ಹೇಳಿ ಏನು ಉಪಯೋಗ?

ಬಸಿರಿನ ಸಮಯ ಮತ್ತು ಮಗುವಿನ ಮೊದಲ ಎರಡು ವರ್ಷ ಸೇರಿಸಿ ಮೊದಲ ಸಾವಿರ ದಿನ ಎನ್ನುತ್ತಾರೆ. ಆ ಸಮಯ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಗ್ವಾಟೆಮಾಲಾದ್ದೇ ಒಂದು ಅಧ್ಯಯನ ಇದೆ. 1969ರಿಂದ 1977ರವರೆಗೆ ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ ಮಕ್ಕಳಿಗೆ ಪಾನೀಯ ಕೊಟ್ಟರು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ಇರುವ ಗಂಜಿಯಂಥದ್ದು, ಇನ್ನೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ಆ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಲೆಕ್ಕ ಹಾಕಿದರು. ಮೊದಲ ಎರಡು ವರ್ಷ ಪ್ರೋಟೀನ್ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಯ ಸಂಪಾದನೆ ಉಳಿದವರಿಗಿಂತ ಶೇ 46ರಷ್ಟು ಜಾಸ್ತಿ ಇತ್ತು. ಮೂರು ವರ್ಷ ದಾಟಿದ ಮೇಲೆ ಸಿಕ್ಕವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಹೆಂಗಸರ ಕೂಲಿಯಲ್ಲೂ ಹೆಚ್ಚಳ ಕಾಣಲಿಲ್ಲ. ಗಟ್ಟಿಯಾಗಿ ಬೆಳೆದ ಮೈಗೆ ತಕ್ಕ ಕೆಲಸ ಊರಲ್ಲಿ ಹೆಣ್ಣಿಗೆ ಸಿಗದಿದ್ದರೆ ಕೂಲಿ ಹೇಗೆ ತಾನೆ ಜಾಸ್ತಿಯಾಗುತ್ತದೆ?

ಹುಟ್ಟಿದ ಮೇಲೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಇದು ಈಗ ಎಲ್ಲರಿಗೂ ಬಾಯಿಪಾಠ. ಆದರೂ ಜಗತ್ತಿನಲ್ಲಿ ಇದು ಸಿಗುತ್ತಿರುವುದು ಸುಮಾರು ಅರ್ಧದಷ್ಟು ಹಸುಗೂಸುಗಳಿಗೆ ಮಾತ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ನೇ ಇಸವಿಯ ಒಪ್ಪಂದ ಹೇಳುವ ಹೆರಿಗೆ ರಜೆ ಕನಿಷ್ಠ 14 ವಾರ. ಆರು ತಿಂಗಳೆಂದರೆ 26 ವಾರ. ಒಪ್ಪಂದದ ಲೆಕ್ಕವೇ ಕೂಡುವುದಿಲ್ಲ. ಅದೂ ಸಿಗುವುದು ಕಾಗದಪತ್ರದ ಕೆಲಸ ಇರುವವರಿಗೆ. ಹೊಲದಲ್ಲಿ, ಮನೆಗೆಲಸದಲ್ಲಿ, ಸಂತೆಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ಹೆಂಗಸಿಗೆ ಯಾವ ರಜೆಯೂ ಇಲ್ಲ. ಇದರ ಜೊತೆಗೆ ಹಾಲಿನ ಪುಡಿ ಕಂಪನಿಗಳ ಪ್ರಚಾರ. ಆ ಪ್ರಚಾರಕ್ಕೆ ಕಡಿವಾಣ ಹಾಕಲು ವಿಶ್ವ ಆರೋಗ್ಯ ಸಭೆ 1981ರಲ್ಲೇ ನಿಯಮಾವಳಿ ತಂದಿತು. ಇವತ್ತಿಗೂ ಅದನ್ನು ಪೂರ್ತಿಯಾಗಿ ಕಾನೂನು ಮಾಡಿಕೊಳ್ಳದ ದೇಶಗಳು ಎಷ್ಟೋ. ಶುದ್ಧ ನೀರಿಲ್ಲದ ಕಡೆ ಕಲಸಿದ ಪುಡಿ ಹಾಲು, ಡಬ್ಬಿ ಬೇಗ ಮುಗಿಯಬಾರದು ಅಂತ ಅದಕ್ಕೆ ಇನ್ನಷ್ಟು ನೀರು, ಇದು ಮಗುವಿಗೆ ಎರಡು ಕಡೆಯಿಂದಲೂ ಹೊಡೆತ.

ಆರು ತಿಂಗಳಾದ ಮೇಲಿನ ಸಮಯವೇ ಅತ್ಯಂತ ಕಷ್ಟದ್ದು ಅಂತ ನನಗೆ ಅನಿಸುತ್ತದೆ, ಮತ್ತು ಇದರ ಬಗ್ಗೆ ಮಾತು ಕಡಿಮೆ. ಈ ಹೊತ್ತಿಗೆ ಎದೆಹಾಲು ಒಂದೇ ಸಾಲುವುದಿಲ್ಲ. ಎದೆಹಾಲಿನ ಜೊತೆಗೆ ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ, ವರ್ಷದ ಹತ್ತಿರ ಬಂದಾಗ 300, ಎರಡನೇ ವರ್ಷದಲ್ಲಿ 550 ಕ್ಯಾಲೊರಿ ಹೊರಗಿನ ಆಹಾರದಿಂದ ಬರಬೇಕು. ಕೇಳಿದರೆ ಸಣ್ಣ ಲೆಕ್ಕ. ಆದರೆ ಕೂಸಿನ ಹೊಟ್ಟೆ ಎಷ್ಟು ಸಣ್ಣದು ಅಂದರೆ ತೆಳು ಗಂಜಿ ಒಂದು ಬಟ್ಟಲು ಕುಡಿದರೆ ತುಂಬಿಹೋಗುತ್ತದೆ, ಮುಖ ತಿರುಗಿಸುತ್ತದೆ, ತಾಯಿಗೂ ಸಮಾಧಾನವಾಗುತ್ತದೆ. ಆ ಗಂಜಿಯಲ್ಲಿ ಇದ್ದದ್ದು ಹೆಚ್ಚಾಗಿ ನೀರು. ಗಟ್ಟಿಯಾಗಿ ಮಾಡಿದರೆ ಕೂಸಿಗೆ ನುಂಗಲಾಗದು. ಎಣ್ಣೆ, ಬೇಳೆಕಾಳು, ಮೊಟ್ಟೆ, ಮೀನು, ಹಾಲು ಏನಾದರೂ ಸೇರಿಸಬೇಕು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ಪ್ರತಿ ಸಲ ಹೊಸದಾಗಿ ಬೇಯಿಸಬೇಕು, ಯಾಕೆಂದರೆ ಬೆಳಿಗ್ಗೆ ಮಾಡಿದ್ದು ಸೆಖೆಯಲ್ಲಿ ಮಧ್ಯಾಹ್ನಕ್ಕೆ ಕೆಡುತ್ತದೆ, ಕೆಟ್ಟದ್ದು ತಿಂದರೆ ಭೇದಿ.

ಈಗ ಇದಕ್ಕೆ ಬೇಕಾದ ಹೊತ್ತನ್ನು ಲೆಕ್ಕ ಹಾಕಿ. ಜಗತ್ತಿನಲ್ಲಿ 180 ಕೋಟಿ ಜನರ ಮನೆಯಲ್ಲಿ ನೀರಿಲ್ಲ, ಹೊರಗಿಂದ ತರಬೇಕು. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವುದು ಹೆಂಗಸರು ಮತ್ತು ಹೆಣ್ಣುಮಕ್ಕಳು. ಸೌದೆ ತರುವುದು, ಹೊಲದ ಕೆಲಸ, ಕೂಲಿ, ಅಡುಗೆ, ಉಳಿದ ಮಕ್ಕಳು. ಇದರ ಮಧ್ಯೆ ಕೂಸಿಗೆ ನಾಲ್ಕು ಸಲ ಬೇರೆ ಅಡುಗೆ ಮಾಡಿ, ಪಕ್ಕದಲ್ಲಿ ಕೂತು, ಪುಸಲಾಯಿಸಿ ತಿನ್ನಿಸುವುದು ಯಾರು? ಅವಳು ಹೊಲಕ್ಕೆ ಹೋದಾಗ ಕೂಸು ಏಳೆಂಟು ವರ್ಷದ ಅಕ್ಕನ ಕೈಯಲ್ಲಿರುತ್ತದೆ. ಪೌಷ್ಟಿಕ ಆಹಾರ ಯಾವುದು ಅಂತ ಚಾರ್ಟ್ ತೋರಿಸಿ ತಿಳಿವಳಿಕೆ ಕೊಟ್ಟರೆ ಈ ಹೊತ್ತು ಸಿಗುವುದಿಲ್ಲ, ಅಲ್ವಾ? ಎಷ್ಟೋ ತಾಯಂದಿರಿಗೆ ಮೊಟ್ಟೆ ಒಳ್ಳೆಯದು ಅಂತ ಚೆನ್ನಾಗಿಯೇ ಗೊತ್ತು. ಕೋಳಿ ಸಾಕಿರುವವಳೂ ಮೊಟ್ಟೆಯನ್ನು ಮಾರಿ ಉಪ್ಪು, ಎಣ್ಣೆ, ಔಷಧಿ ತರುತ್ತಾಳೆ. ತಿಳಿಯದೆ ಹಾಗೆ ಮಾಡುವುದಲ್ಲ. ಕೈಯಲ್ಲಿ ಇರುವ ದುಡ್ಡು ಅಷ್ಟೇ.

2024ರಲ್ಲಿ ಯುನಿಸೆಫ್ ಕೊಟ್ಟ ಒಂದು ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಗುವಿನ ಆಹಾರವನ್ನು ಎಂಟು ಗುಂಪು ಮಾಡಿದರೆ ದಿನಕ್ಕೆ ಕನಿಷ್ಠ ಐದು ಗುಂಪಿನದ್ದು ಸಿಗಬೇಕು. ಐದು ವರ್ಷದೊಳಗಿನ ಸುಮಾರು 18 ಕೋಟಿ ಮಕ್ಕಳಿಗೆ, ಅಂದರೆ ನಾಲ್ಕರಲ್ಲಿ ಒಬ್ಬರಿಗೆ, ಸಿಗುತ್ತಿರುವುದು ಎರಡು ಅಥವಾ ಅದಕ್ಕಿಂತ ಕಡಿಮೆ. ಬರೀ ಧಾನ್ಯ, ಸ್ವಲ್ಪ ಹಾಲು. ಇವರಲ್ಲಿ ಹೊಟ್ಟೆ ತುಂಬಿದ ಮಕ್ಕಳೂ ಇದ್ದಾರೆ. ಹೊಟ್ಟೆ ತುಂಬಿದರೂ ಕಬ್ಬಿಣ, ಸತು, ಎ ವಿಟಮಿನ್, ಒಳ್ಳೆಯ ಪ್ರೋಟೀನ್ ಯಾವುದೂ ಸಾಕಷ್ಟು ಸಿಗುತ್ತಿಲ್ಲ.

ಹಾಗಾದರೆ ದಿನಕ್ಕೊಂದು ಮೊಟ್ಟೆ ಕೊಟ್ಟುಬಿಟ್ಟರೆ? ಇದನ್ನೂ ಮಾಡಿ ನೋಡಿದ್ದಾರೆ. ಈಕ್ವೆಡಾರ್‌ನಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ಆರು ತಿಂಗಳು ದಿನಾ ಒಂದು ಮೊಟ್ಟೆ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಕುಂಠಿತ ಬೆಳವಣಿಗೆ ಶೇ 47ರಷ್ಟು ಕಡಿಮೆಯಾಗಿತ್ತು. ಎಲ್ಲರಿಗೂ ಖುಷಿಯಾಯಿತು. ಅದೇ ಪ್ರಯೋಗವನ್ನು ಆಫ್ರಿಕಾದ ಮಲಾವಿಯಲ್ಲಿ ಮಾಡಿದರೆ ಎತ್ತರದಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ಮಲಾವಿಯ ಆ ಊರುಗಳು ದೊಡ್ಡ ಸರೋವರದ ಹತ್ತಿರ ಇದ್ದವು, ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ಅಲ್ಲಿ ಮಕ್ಕಳನ್ನು ತಡೆಯುತ್ತಿದ್ದದ್ದು ಬೇರೆ ಏನೋ. ಒಂದು ಕಡೆ ಗೆದ್ದ ಉಪಾಯವನ್ನು ಹಾಗೇ ಎತ್ತಿ ಇನ್ನೊಂದು ಕಡೆ ಇಟ್ಟರೆ ನಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಬೇರೆ ಏನೋ ಅಂದಿದ್ದರಲ್ಲಿ ದೊಡ್ಡ ಪಾಲು ರೋಗದ್ದು. ಭೇದಿಯಾದ ಮಗು ತಿನ್ನುವುದಿಲ್ಲ, ತಿಂದದ್ದೂ ಮೈಗೆ ಹತ್ತುವುದಿಲ್ಲ, ಜ್ವರದಲ್ಲಿ ಇದ್ದ ಶಕ್ತಿಯೂ ಖರ್ಚು. ಸೊರಗಿದ ಮಗುವಿಗೆ ಮತ್ತೆ ಬೇಗ ಕಾಯಿಲೆ. ಹೀಗೆ ಒಂದು ಕಾಯಿಲೆಗೂ ಇನ್ನೊಂದಕ್ಕೂ ಮಧ್ಯೆ ಮಗುವಿಗೆ ಸುಧಾರಿಸಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆ ಇದೆ. ಭೇದಿ ಇಲ್ಲದಿದ್ದರೂ, ದಿನನಿತ್ಯ ಮಲದ ರೋಗಾಣುಗಳು ಬಾಯಿಗೆ ಹೋಗುತ್ತಲೇ ಇದ್ದರೆ ಸಣ್ಣ ಕರುಳಿನ ಒಳಮೈ ಸವೆಯುತ್ತದೆ, ಊದಿಕೊಳ್ಳುತ್ತದೆ, ಆಹಾರ ಹೀರುವ ಶಕ್ತಿ ಕಮ್ಮಿಯಾಗುತ್ತದೆ. 1960–70ರ ದಶಕಗಳಲ್ಲಿ ಬಡ ದೇಶಗಳಿಗೆ ಕೆಲಸಕ್ಕೆ ಹೋದ ಅಮೆರಿಕದ ಆರೋಗ್ಯವಂತ ಸ್ವಯಂಸೇವಕರ ಕರುಳಲ್ಲೂ ಈ ಬದಲಾವಣೆ ಕಾಣಿಸಿತ್ತು, ತಮ್ಮ ದೇಶಕ್ಕೆ ಮರಳಿದ ಮೇಲೆ ಸರಿಹೋಗಿತ್ತು. ಅಂದರೆ ದೋಷ ಜನರ ಮೈಯಲ್ಲಿ ಇರಲಿಲ್ಲ, ಜಾಗದಲ್ಲಿತ್ತು. ಅವರಿಗೆ ಮರಳಿ ಹೋಗಲು ಬೇರೆ ಜಾಗ ಇತ್ತು. ಅಲ್ಲೇ ಹುಟ್ಟಿದ ಮಗುವಿಗೆ ಇಲ್ಲ.

ಇದು ಗೊತ್ತಾದ ಮೇಲೆ ಶೌಚಾಲಯ ಕಟ್ಟಿ, ನೀರಿಗೆ ಕ್ಲೋರಿನ್ ಹಾಕಿ, ಕೈ ತೊಳೆಯುವ ವ್ಯವಸ್ಥೆ ಮಾಡಿದರೆ ಮಕ್ಕಳು ಬೆಳೆಯುತ್ತಾರೆ ಅಂತ ಎಲ್ಲರೂ ನಂಬಿದ್ದರು. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ಮೂರು ದೊಡ್ಡ ಪ್ರಯೋಗಗಳು ನಡೆದವು, 2018–19ರಲ್ಲಿ ಫಲಿತಾಂಶ ಬಂತು. ಮಕ್ಕಳ ಎತ್ತರದ ಮೇಲೆ ಈ ಸ್ವಚ್ಛತೆಯ ಕೆಲಸಗಳು ಯಾವ ಪರಿಣಾಮವನ್ನೂ ಬೀರಲಿಲ್ಲ. ಪೂರಕ ಆಹಾರ ಕೊಟ್ಟ ಗುಂಪಿನಲ್ಲಿ ಮಾತ್ರ ಸ್ವಲ್ಪ ಎತ್ತರ ಹೆಚ್ಚಿತು. ಭೇದಿ ಕೂಡ ಬಾಂಗ್ಲಾದೇಶದಲ್ಲಿ ಮಾತ್ರ ಇಳಿಯಿತು. ಇದನ್ನು ನೋಡಿ 'ಶೌಚಾಲಯದಿಂದ ಉಪಯೋಗ ಇಲ್ಲ' ಅಂದವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಕೊಟ್ಟದ್ದು ಸಾಧಾರಣ ಗುಂಡಿ ಶೌಚಾಲಯ, ಬಾಟಲಿಯಲ್ಲಿ ಕ್ಲೋರಿನ್, ಕೈ ತೊಳೆಯಲು ಒಂದು ಡಬ್ಬ. ಮನೆಯೊಳಗೆ ಓಡಾಡುವ ಕೋಳಿ, ಮಣ್ಣಿನ ನೆಲ, ದೂರದಿಂದ ಹೊತ್ತು ತರುವ ನೀರು ಎಲ್ಲ ಹಾಗೇ ಇತ್ತು. ಅಂಬೆಗಾಲಿಡುವ ಕೂಸು ಅದೇ ನೆಲದಲ್ಲಿ ಕೈ ಊರಿ ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಶ್ರೀಮಂತ ದೇಶಗಳಲ್ಲಿ ಮನೆಯೊಳಗೆ ನಲ್ಲಿ, ಒಳಚರಂಡಿ, ಸಿಮೆಂಟ್ ನೆಲ ಎಲ್ಲ ಬಂದವು. ಬಡವರಿಗೆ ಮಾತ್ರ ಅಗ್ಗದ್ದನ್ನು ಕೊಟ್ಟು, ಅದು ಕೆಲಸ ಮಾಡಲಿಲ್ಲ ಅನ್ನುವುದು ಸರಿಯಲ್ಲ. ತಾಯಿಗೆ 'ಕೈ ತೊಳೆ' ಅಂತ ಹೇಳುವುದಕ್ಕಿಂತ ಅವಳ ಅಂಗಳಕ್ಕೆ ನಲ್ಲಿ ತರುವುದಕ್ಕೆ ಖರ್ಚು ಜಾಸ್ತಿ, ನಿಜ. ಆದರೆ ಆಗಬೇಕಾದದ್ದು ಅದೇ.

ಕಡಿಮೆ ಮಾಡಿ ತೋರಿಸಿದ ದೇಶಗಳೂ ಇವೆ. ಬ್ರೆಜಿಲ್‌ನಲ್ಲಿ 1996ರಲ್ಲಿ ಶೇ 13.5 ಇದ್ದ ಕುಂಠಿತ ಬೆಳವಣಿಗೆ 2006–07ಕ್ಕೆ ಶೇ 6.8ಕ್ಕೆ ಇಳಿಯಿತು. ಯಾಕೆ ಅಂತ ವಿಶ್ಲೇಷಿಸಿದವರಿಗೆ ಮೊದಲು ಕಂಡದ್ದು ತಾಯಂದಿರ ಶಾಲಾ ಓದು, ಅದರ ಹಿಂದೆಯೇ ಬಡ ಮನೆಗಳ ಕೊಳ್ಳುವ ಶಕ್ತಿ, ಆಮೇಲೆ ಆರೋಗ್ಯ ಸೇವೆ, ನೀರು ಮತ್ತು ಚರಂಡಿ. ಓದು ಅಂದರೆ ಪೌಷ್ಟಿಕತೆಯ ಒಂದು ದಿನದ ತರಬೇತಿ ಅಲ್ಲ, ಹುಡುಗಿಯಾಗಿದ್ದಾಗ ವರ್ಷಗಟ್ಟಲೆ ಶಾಲೆಗೆ ಹೋಗಿದ್ದು. ಅದರಿಂದ ಮದುವೆ ತಡವಾಗುತ್ತದೆ, ಮಕ್ಕಳ ಮಧ್ಯೆ ಅಂತರ ಬರುತ್ತದೆ, ಆಸ್ಪತ್ರೆಯಲ್ಲಿ ಧೈರ್ಯವಾಗಿ ಪ್ರಶ್ನೆ ಕೇಳುತ್ತಾಳೆ, ಮನೆಯಲ್ಲಿ ಅವಳ ಮಾತಿಗೆ ಬೆಲೆ ಬರುತ್ತದೆ. ಪೆರು 2008ರಲ್ಲಿ ಶೇ 28 ಇದ್ದದ್ದನ್ನು 2016ರ ಹೊತ್ತಿಗೆ ಶೇ 13ಕ್ಕೆ ಇಳಿಸಿತು. ಬಡ ತಾಯಂದಿರ ಕೈಗೆ ನಗದು, ಅದಕ್ಕೆ ಪ್ರತಿಯಾಗಿ ಮಗುವಿನ ತಪಾಸಣೆ ತಪ್ಪಿಸಬಾರದು ಅನ್ನುವ ಷರತ್ತು, ಜೊತೆಗೆ ಪ್ರಾಂತಗಳಿಗೆ ಕೊಡುವ ಹಣವನ್ನು ಫಲಿತಾಂಶಕ್ಕೆ ಜೋಡಿಸಿದ್ದು. ಅಧಿಕಾರಕ್ಕೆ ಯಾರೇ ಬಂದರೂ ಈ ಕೆಲಸವನ್ನು ನಿಲ್ಲಿಸಲಿಲ್ಲ, ನನ್ನ ಪ್ರಕಾರ ಅದೇ ದೊಡ್ಡ ವಿಷಯ.

ಯುದ್ಧ ಮತ್ತು ಬರದ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ, ಕಾರಣ ಎದುರಿಗೇ ಇದೆ. ಕ್ಷಾಮ ಅಂತ ಘೋಷಿಸಲು ಇರುವ ಅಳತೆಗಳಲ್ಲಿ ಒಂದು, ಶೇ 30ರಷ್ಟು ಮಕ್ಕಳು ತೀವ್ರವಾಗಿ ಸೊರಗಿರಬೇಕು ಅನ್ನುವುದು. 2024ರ ಆಗಸ್ಟ್‌ನಲ್ಲಿ ಸುಡಾನ್‌ನಲ್ಲಿ ನೆಲೆ ಕಳೆದುಕೊಂಡವರ ಜಮ್‌ಜಮ್ ಶಿಬಿರದಲ್ಲಿ, 2025ರ ಆಗಸ್ಟ್‌ನಲ್ಲಿ ಗಾಜಾದಲ್ಲಿ ಕ್ಷಾಮ ಇದೆ ಅಂತ ದೃಢಪಟ್ಟಿತು. ಎರಡೂ ಕಡೆ ಮಳೆ ಕೈಕೊಟ್ಟದ್ದಲ್ಲ, ಮನುಷ್ಯರೇ ಆಹಾರದ ದಾರಿ ಕಟ್ಟಿದ್ದು. ಇಂಥ ಸ್ಥಿತಿಯಲ್ಲಿ ಮಗುವನ್ನು ಉಳಿಸುವ ದಾರಿ ನಮಗೆ ಗೊತ್ತಿದೆ. 1996ರಲ್ಲಿ ಫ್ರಾನ್ಸ್‌ನಲ್ಲಿ ರೂಪುಗೊಂಡ ಕಡಲೆಕಾಯಿ ಪೇಸ್ಟ್, ಅದರಲ್ಲಿ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿರುತ್ತದೆ. ನೀರು ಬೇಡ, ಬೇಯಿಸುವುದೂ ಬೇಡ. ಬೇರೆ ತೊಡಕು ಇಲ್ಲದ ಮಗುವಿಗೆ ಮನೆಯಲ್ಲೇ ಕೊಟ್ಟರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮಗುವಿನ ಮೇಲ್ತೋಳಿಗೆ ಟೇಪ್ ಸುತ್ತಿ, ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು ಅಂತ ಊರಿನ ಆರೋಗ್ಯ ಕಾರ್ಯಕರ್ತೆಯೇ ಹೇಳಬಲ್ಲಳು.

ಆದರೆ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ ಒಂದಕ್ಕೆ ಅದರ ನೆರವು ಸಂಸ್ಥೆ ಯುಎಸ್ಏಡ್ ಬಾಗಿಲು ಹಾಕಿತು. ಈ ಪೇಸ್ಟ್ ಕೊಳ್ಳುವುದರಲ್ಲಿ ಆ ದೇಶದ ಪಾಲು ಬಹಳ ದೊಡ್ಡದಿತ್ತು. ತಯಾರಾದ ಪೊಟ್ಟಣಗಳು ಗೋದಾಮಿನಲ್ಲೇ ಉಳಿದವು ಅನ್ನುವ ಸುದ್ದಿಗಳು ಬಂದವು. ಅಷ್ಟು ಸುದ್ದಿಯಾಗದ ಇನ್ನೊಂದು ನಷ್ಟವೂ ಆಯಿತು. 1984ರಿಂದ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಮನೆಮನೆಗೆ ಹೋಗಿ ಆರೋಗ್ಯದ ಸಮೀಕ್ಷೆ ಮಾಡಲು ನೆರವಾಗುತ್ತಿದ್ದ ಕಾರ್ಯಕ್ರಮ ಕೂಡ ಅದೇ ಹಣದಲ್ಲಿ ನಡೆಯುತ್ತಿತ್ತು, ಅದಕ್ಕೂ ಹಣ ನಿಂತಿತು. ಆಮೇಲೆ ಬೇರೆ ದಾನಿಗಳಿಂದ ತಾತ್ಕಾಲಿಕವಾಗಿ ಒಂದಿಷ್ಟು ಬಂತು. ಬಡ ದೇಶಗಳ ಮಕ್ಕಳ ಎತ್ತರ, ತೂಕದ ಬಗ್ಗೆ ನಮಗಿರುವ ಅಂಕಿಗಳಲ್ಲಿ ದೊಡ್ಡ ಭಾಗ ಇಂಥ ಸಮೀಕ್ಷೆಗಳಿಂದ ಬಂದದ್ದು. ಮೂರು ವರ್ಷದ ಹಿಂದಿನ ಅಂಕಿ ಇಟ್ಟುಕೊಂಡು ಈ ವರ್ಷದ ಬಜೆಟ್ ಮಾಡುವುದೇ ಕಷ್ಟ, ಅದೂ ಇಲ್ಲದಿದ್ದರೆ ಯಾವ ಜಿಲ್ಲೆಗೆ ಮೊದಲು ಹೋಗಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ಪೆರು ಈ ಅಳತೆಯನ್ನು ತನ್ನದೇ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಿಂದ ವರ್ಷವರ್ಷವೂ ಮಾಡಿಸುತ್ತಾ ಬಂದಿದೆ. ಫಲಿತಾಂಶ ನೋಡಿ ಹಣ ಕೊಡಲು ಅದಕ್ಕೆ ಸಾಧ್ಯವಾದದ್ದೂ ಅದರಿಂದಲೇ. ಉಳಿದ ದೇಶಗಳ ಸರ್ಕಾರಗಳು ತಮ್ಮ ಮಕ್ಕಳನ್ನು ಅಳೆಯುವ ಖರ್ಚನ್ನು ತಮ್ಮದೇ ಬಜೆಟ್‌ನಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಬೇಕಾದ ದುಡ್ಡು ಬಹುತೇಕ ದೇಶಗಳಿಗೆ ಕೈಮೀರಿದ್ದೇನಲ್ಲ.